ಹೊಸ ಲ್ಯಾಪ್‌ಟಾಪ್ ನಿಮ್ಮದು, ಒಳಗಿನ ಖಾತೆ ಯಾರದು?

ಒಂದು ಭಾನುವಾರ ಬೆಳಗ್ಗೆ ಮಂಡ್ಯದಿಂದ ಚಿಕ್ಕಪ್ಪನ ಮಗಳ ಫೋನು. "ಅಣ್ಣಾ, ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಪೂರ್ತಿ ನೀಲಿ ಬಂದದೆ. ಅದೇನೋ ನಲವತ್ತೆಂಟು ನಂಬರ್ ಹಾಕು ಅಂತದೆ. ನಂಗೆ ಯಾವ ನಂಬರೂ ಯಾರೂ ಕೊಟ್ಟಿಲ್ಲ ಕನಣ್ಣ."

ನಾನು ಕೇಳಿದ್ದು ಒಂದೇ ಪ್ರಶ್ನೆ. ಮೊದಲ ದಿನ ಅದಕ್ಕೆ ಹಾಕಿದ ಇ-ಮೇಲ್ ಯಾರದು? ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಅಂಗಡಿಯೋರೇ ಎಲ್ಲ ಮಾಡಿ ಕೊಟ್ರಲ್ಲಾ..."

ಮೈಸೂರಿನಲ್ಲಿ ಕೊಂಡ ಲ್ಯಾಪ್‌ಟಾಪ್ ಅದು. ಅಂಗಡಿಯ ಹುಡುಗ ತನ್ನ ಹತ್ತಿರ ಇದ್ದ ಯಾವುದೋ ಇ-ಮೇಲ್ ಹಾಕಿ, ಪಿನ್ ಇಟ್ಟು, ಹತ್ತು ನಿಮಿಷದಲ್ಲಿ ಕೈಗೆ ಕೊಟ್ಟಿದ್ದ. ಮೋಸ ಅಲ್ಲ, ಪಾಪ, ಸಹಾಯ ಅಂತಲೇ ಮಾಡಿದ್ದ. ಎಂಟು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಒಂದು ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆಯಿತು ನೋಡಿ, ನೀಲಿ ಪರದೆ ಬಂದು ಕೂತಿತು. ಅಂಗಡಿಗೆ ಹೋಗಿ ಕೇಳಿದರೆ ಆ ಹುಡುಗ ಕೆಲಸ ಬಿಟ್ಟಿದ್ದ. ಅವನು ಹಾಕಿದ್ದ ಇ-ಮೇಲ್ ಯಾವುದು ಅಂತ ಅಲ್ಲಿದ್ದವರಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆವು. ಅವಳ ಪ್ರಾಜೆಕ್ಟ್ ರಿಪೋರ್ಟಿನ ಅರ್ಧ ಭಾಗ ಗೆಳತಿಯ ಪೆನ್‌ಡ್ರೈವಿನಲ್ಲಿ ಸಿಕ್ಕಿತು. ಇನ್ನರ್ಧ ಹೋಯಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತಲ್ಲ, ಅಲ್ಲಿಂದೀಚೆಗೆ ನಮ್ಮ ಕುವೆಂಪುನಗರದ ಮನೆಗೆ ಹೊಸ ಲ್ಯಾಪ್‌ಟಾಪ್ ಹಿಡಿದು ಬರುವ ನೆಂಟರು ಜಾಸ್ತಿಯಾಗಿದ್ದಾರೆ. ಬಂದವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ವಿಂಡೋಸ್ 11 ಹೋಮ್ ಇರುವ ಮಾಮೂಲಿ ಲ್ಯಾಪ್‌ಟಾಪ್ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಡಬ್ಬಿ ಬಿಚ್ಚುವ ಮೊದಲು

ಮೊದಲ ಕೆಲಸ ಲ್ಯಾಪ್‌ಟಾಪಿನಲ್ಲಿ ಅಲ್ಲ, ನಿಮ್ಮ ಫೋನಿನಲ್ಲಿ. ಯಾವ ಇ-ಮೇಲ್ ಬಳಸುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ. ಅದು ನಿಮ್ಮದೇ ಆಗಿರಬೇಕು, ಇನ್ನೂ ಹತ್ತು ವರ್ಷ ನಿಮ್ಮ ಹತ್ತಿರ ಇರುವಂಥದ್ದಾಗಿರಬೇಕು. ಕಾಲೇಜು ಕೊಟ್ಟ ಐಡಿ ಬೇಡ, ಕಂಪನಿ ಕೊಟ್ಟದ್ದೂ ಬೇಡ. ಕೋರ್ಸ್ ಮುಗಿದ ಮೇಲೆ ಅದನ್ನು ಅವರು ಮುಚ್ಚಿದರೆ ಕೇಳುವ ಹಾಗಿಲ್ಲ.

ಇನ್ನೊಂದು ಸಣ್ಣ ಮಾತು. ಸಿ ಡ್ರೈವಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಹುಟ್ಟುವುದು ಇ-ಮೇಲಿನ ಮೊದಲ ಐದು ಅಕ್ಷರದಿಂದ. ಪಿಯುಸಿಯಲ್ಲಿ ಉತ್ಸಾಹದಿಂದ ಮಾಡಿಕೊಂಡ 'ಕೂಲ್‌ಡೂಡ್' ಇ-ಮೇಲ್ ಹಾಕಿದರೆ ಫೋಲ್ಡರ್ 'ಕೂಲ್ಡ್' ಅಂತ ಹೆಸರಿಟ್ಟುಕೊಂಡು ಕೂರುತ್ತದೆ. ಆಮೇಲೆ ಬದಲಾಯಿಸುವುದು ದೊಡ್ಡ ತಲೆನೋವು.

ಇ-ಮೇಲ್ ತೀರ್ಮಾನ ಆಯಿತಾ? ಜಿಮೇಲ್ ಆದರೆ ಫೋನಿನಲ್ಲಿ ಗೂಗಲ್ ಖಾತೆ ತೆರೆದು ಸೆಕ್ಯೂರಿಟಿ ಅನ್ನುವಲ್ಲಿ ರಿಕವರಿ ಫೋನ್, ರಿಕವರಿ ಇ-ಮೇಲ್ ಏನಿದೆ ನೋಡಿ. ಹತ್ತರಲ್ಲಿ ನಾಲ್ಕು ಜನರಿಗೆ ಅಲ್ಲಿ ಎಂದೋ ಬಿಟ್ಟ ಸಿಮ್ಮಿನ ನಂಬರ್ ಇರುತ್ತದೆ ಅಂತ ಸುಮ್ನೆ ನನ್ನ ಅಂದಾಜು. ಬಳಕೆ ನಿಲ್ಲಿಸಿದ ನಂಬರನ್ನು 90 ದಿನ ಕಳೆದ ಮೇಲೆ ಟೆಲಿಕಾಂ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಯಾರೋ ಗೊತ್ತಿಲ್ಲದವರ ಫೋನಿಗೆ ಹೋಗುತ್ತದೆ.

ಅಪ್ಪನ ನಂಬರ್ ಕೊಡುವುದೂ ನಮ್ಮ ಕಡೆ ಮಾಮೂಲು. ತಪ್ಪೇನಿಲ್ಲ, ಆದರೆ ಅದೊಂದೇ ಇರಬಾರದು. ನಮ್ಮ ಚಿಕ್ಕಪ್ಪ ಕಬ್ಬಿಗೆ ನೀರು ಕಟ್ಟುತ್ತಿರುತ್ತಾರೆ. ಫೋನು ಅಂಗಿ ಜೇಬಿನಲ್ಲಿ, ಅಂಗಿ ಬದುವಿನ ಗಿಡದ ಮೇಲೆ. ಮೈಸೂರಿನ ಹಾಸ್ಟೆಲಿನಲ್ಲಿ ಕೂತ ಮಗಳು "ಅಪ್ಪಾ ಬೇಗ ಓಟಿಪಿ ಹೇಳು" ಅಂತ ಮೂರು ಸಲ ಕರೆ ಮಾಡುವಷ್ಟರಲ್ಲಿ ಓಟಿಪಿಯ ಸಮಯ ಮುಗಿದಿರುತ್ತದೆ. ನಿಮ್ಮ ನಂಬರ್ ಮೊದಲು ಹಾಕಿ, ಅಪ್ಪನದು ಎರಡನೆಯದಾಗಿ ಇರಲಿ.

ಗೂಗಲ್‌ನಲ್ಲಿ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತೂ ಕೇಳುವ ವ್ಯವಸ್ಥೆ, ಹಾಕಿಕೊಂಡಿದ್ದರೆ ಬ್ಯಾಕಪ್ ಕೋಡ್‌ಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಎಂಟೆಂಟು ಅಂಕಿಯ ಹತ್ತು ಕೋಡ್ ಸಿಗುತ್ತವೆ, ಒಂದೊಂದೂ ಒಂದೇ ಸಲಕ್ಕೆ. ಫೋನ್ ಕಳೆದ ದಿನ ಕೈ ಹಿಡಿಯುವುದು ಅವೇ.

ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನು ಈಗಲೇ ಯಾರಿಗೂ ಕೊಡಬೇಡಿ. ಅದರ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ನಿಮ್ಮ ಖಾತೆಗೆ ಸಿಂಕ್ ಆಗಿವೆಯಾ ನೋಡಿ. ಕ್ರೋಮ್ ಬಳಸುವವರು ಫೋನಿನಲ್ಲಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ತೆರೆದರೆ ಸಾಕು. ಅಲ್ಲಿ ಪಟ್ಟಿ ಕಂಡರೆ ಸಿಂಕ್ ಆಗಿದೆ ಅಂತ. ಖಾಲಿ ಇದ್ದರೆ ಅವೆಲ್ಲ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇವೆ.

ಅಂಗಡಿಯಲ್ಲಿ

"ಸೆಟಪ್ ಮಾಡಿ ಕೊಡ್ಲಾ ಸಾರ್?" ಅಂತ ಕೇಳುತ್ತಾರೆ. ಬೇಡ ಅನ್ನಿ. ಆನ್ ಆಗುತ್ತದಾ, ಪರದೆ ಸರಿ ಇದೆಯಾ ಅಂತ ನೋಡಲು ಖಾತೆ ಬೇಕಾಗಿಲ್ಲ, ಭಾಷೆ ಕೇಳುವ ಪರದೆ ಬಂದರೆ ಸಾಕು. ಮನೆಗೆ ತಂದು, ಚಾರ್ಜರ್ ಹಾಕಿ, ಪುರುಸೊತ್ತಾಗಿ ಕೂತು ನೀವೇ ಮಾಡಿ. ಅಂಗಡಿಯಲ್ಲೇ ಮಾಡಿಸಲೇಬೇಕು ಅಂದರೆ ಇ-ಮೇಲ್, ಪಾಸ್‌ವರ್ಡ್, ಪಿನ್ ಮೂರನ್ನೂ ನಿಮ್ಮ ಬೆರಳೇ ಒತ್ತಲಿ.

ಈಗಾಗಲೇ ಅಂಗಡಿಯವರು ಮಾಡಿ ಕೊಟ್ಟಿದ್ದರೆ? ಸೆಟ್ಟಿಂಗ್ಸ್, ಅಲ್ಲಿ ಅಕೌಂಟ್ಸ್, ಅಲ್ಲಿ ಯುವರ್ ಇನ್ಫೋ. ಅಲ್ಲಿ ಕಾಣುವ ಇ-ಮೇಲ್ ನಿಮ್ಮದಲ್ಲದಿದ್ದರೆ ಇವತ್ತೇ ಸರಿ ಮಾಡಿ. ಹೇಗೆ ಅಂತ ಮುಂದೆ ಹೇಳುತ್ತೇನೆ, ಅದರಲ್ಲಿ ಒಂದು ಗುಟ್ಟಿದೆ.

ಸೆಟಪ್ ಶುರು

ದೇಶ ಇಂಡಿಯಾ, ಆಮೇಲೆ ಕೀಬೋರ್ಡ್. ಕೀಬೋರ್ಡಿನ ಹತ್ತಿರ ಎಲ್ಲರೂ ಕಣ್ಣು ಮುಚ್ಚಿ ಮುಂದೆ ಹೋಗುತ್ತಾರೆ. ಅಲ್ಲಿ ಬ್ರಿಟನ್ ಇಂಗ್ಲಿಷ್ ಬಿದ್ದರೆ ಎರಡರ ಮೇಲಿನ 'ಅಟ್' ಗುರುತು ಒತ್ತಿದಾಗ ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡಿನಲ್ಲಿ ಬರೀ ಚುಕ್ಕಿ ಕಾಣುವುದರಿಂದ ನಿಮಗೆ ಗೊತ್ತೇ ಆಗಲ್ಲ. ಪಾಸ್‌ವರ್ಡ್ ಹಾಕುವಾಗ ಪಕ್ಕದ ಕಣ್ಣಿನ ಚಿತ್ರ ಒತ್ತಿ, ಏನು ಬಿದ್ದಿದೆ ಅಂತ ಒಮ್ಮೆ ನೋಡಿ. ಕನ್ನಡ ಕೀಬೋರ್ಡ್ ಆಮೇಲೆ ಸೇರಿಸಿಕೊಳ್ಳಿ. ಸೇರಿಸಿದ ಮೇಲೆ ಬೀಗದ ಪರದೆಯಲ್ಲೂ ಕೆಳಗಿನ ಮೂಲೆಯಲ್ಲಿ ಯಾವ ಭಾಷೆ ಇದೆ ನೋಡುವ ಅಭ್ಯಾಸ ಇರಲಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಮುಂದೆ ವೈಫೈ ಕೇಳುತ್ತದೆ. ಹೋಮ್ ಆವೃತ್ತಿಯ ಸೆಟಪ್‌ಗೆ ಇಂಟರ್ನೆಟ್ಟೂ ಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಯೂಟ್ಯೂಬಿನಲ್ಲಿ ಸಿಗುವ ಹಳೆಯ ಅಡ್ಡದಾರಿಗಳನ್ನು ಮೈಕ್ರೋಸಾಫ್ಟ್ ಒಂದೊಂದಾಗಿ ಮುಚ್ಚುತ್ತಿದೆ, ಅದರ ಹಿಂದೆ ಬೀಳಬೇಡಿ. ಮನೆ ಬಳಕೆಗೋ, ಕೆಲಸ-ಶಾಲೆಗೋ ಅಂತ ಕೇಳಿದರೆ ಮನೆ ಬಳಕೆ ಅನ್ನಿ.

ಹುಟ್ಟಿದ ದಿನಾಂಕ ಸರಿಯಾದದ್ದೇ ಹಾಕಿ. ಅವಸರದಲ್ಲಿ ವರ್ಷ ತಪ್ಪಿ ಚಿಕ್ಕ ಮಗುವಿನ ವಯಸ್ಸಾದರೆ ಖಾತೆ ಮಕ್ಕಳ ಖಾತೆಯಾಗಿ, ಪೋಷಕರ ಒಪ್ಪಿಗೆ ಕೇಳಲು ಶುರು ಮಾಡುತ್ತದೆ. ಮುಂದೆ ಖಾತೆ ವಾಪಸ್ ಪಡೆಯುವಾಗ ಕೇಳುವುದೂ ಇದೇ ದಿನಾಂಕ.

ಒಂದೇ ಹೆಸರಿನ ಎರಡು ಮನೆ

ನನ್ನ ಹತ್ತಿರ ಬರುವ ಗೊಂದಲಗಳಲ್ಲಿ ಇದೇ ಮೊದಲು. ಮೈಕ್ರೋಸಾಫ್ಟ್ ಖಾತೆ ಮಾಡುವಾಗ ನಿಮ್ಮ ಜಿಮೇಲ್ ವಿಳಾಸವನ್ನೇ ಕೊಡಬಹುದು. ಹೆಚ್ಚಿನವರು ಕೊಡುವುದೂ ಅದನ್ನೇ. ಆಗ ಒಂದೇ ವಿಳಾಸಕ್ಕೆ ಎರಡು ಖಾತೆ ಆಗುತ್ತವೆ, ಒಂದು ಗೂಗಲ್‌ನದು, ಇನ್ನೊಂದು ಮೈಕ್ರೋಸಾಫ್ಟಿನದು. ಇದರ ಕೀಲಿ ಅದಕ್ಕೆ ಆಗಲ್ಲ.

ನಮ್ಮ ಅತ್ತಿಗೆ ಒಮ್ಮೆ ಲ್ಯಾಪ್‌ಟಾಪ್ ಮುಂದೆ ಕೂತು ಜಿಮೇಲ್ ಪಾಸ್‌ವರ್ಡ್ ಹಾಕುತ್ತಲೇ ಇದ್ದರು. ತಪ್ಪು ಅನ್ನುತ್ತಲೇ ಇತ್ತು. ಸಿಟ್ಟಿಗೆ ಫೋನಿನಲ್ಲಿ ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿದರು. ಆಗಲೂ ಲ್ಯಾಪ್‌ಟಾಪ್ ಒಪ್ಪಲಿಲ್ಲ. ಹೇಗೆ ಒಪ್ಪುತ್ತದೆ? ಅದು ಕೇಳುತ್ತಿದ್ದದ್ದು ಮೈಕ್ರೋಸಾಫ್ಟ್ ಪಾಸ್‌ವರ್ಡ್. ಈ ಗಲಾಟೆಯಲ್ಲಿ ಫೋನಿನ ಯೂಟ್ಯೂಬ್, ಟಿವಿ ಎಲ್ಲ ಹೊಸದಾಗಿ ಲಾಗಿನ್ ಕೇಳಲು ಶುರು ಮಾಡಿ, ಅಣ್ಣನ ಕ್ರಿಕೆಟ್ ಮ್ಯಾಚೂ ಹೋಯಿತು.

ಹಾಗಾಗಿ ಪುಸ್ತಕದಲ್ಲಿ ಬರೆಯುವಾಗ 'ಇ-ಮೇಲ್ ಪಾಸ್‌ವರ್ಡ್' ಅಂತ ಬರೆಯಬೇಡಿ. 'ಗೂಗಲ್' ಅಂತ ಒಂದು ಸಾಲು, 'ಮೈಕ್ರೋಸಾಫ್ಟ್, ಲ್ಯಾಪ್‌ಟಾಪ್‌ಗೆ' ಅಂತ ಇನ್ನೊಂದು ಸಾಲು. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಅಂದಹಾಗೆ 2025ರ ಮೇ ತಿಂಗಳಿಂದ ಹೊಸ ಮೈಕ್ರೋಸಾಫ್ಟ್ ಖಾತೆಗಳಿಗೆ ಪಾಸ್‌ವರ್ಡ್ ಇಲ್ಲದ ದಾರಿಯನ್ನೇ ಅವರು ಮೊದಲು ತೋರಿಸುತ್ತಾರೆ. ಪಾಸ್‌ವರ್ಡ್ ಬದಲು ಇ-ಮೇಲಿಗೆ ಕೋಡ್, ಇಲ್ಲವೇ ಪಾಸ್‌ಕೀ, ಅಂದರೆ ನಿಮ್ಮ ಸಾಧನದ ಬೆರಳಚ್ಚು, ಮುಖ ಅಥವಾ ಪಿನ್‌ನಿಂದಲೇ ಲಾಗಿನ್ ಆಗುವುದು. ನಿಮಗೆ ಹಾಗೆ ಬಂದರೆ ಗಾಬರಿ ಬೇಡ. ಆದರೆ ಆಗ ಆ ಇ-ಮೇಲ್ ಮತ್ತು ಫೋನ್ ನಂಬರೇ ನಿಮ್ಮ ಬೀಗದ ಕೈ ಅಂತ ತಿಳಿದಿರಿ.

ಒಂದು 'ಟಿ'ನೋ, ಎರಡು 'ಟಿ'ನೋ

ಮೈಸೂರಿನವರ ಪಾಸ್‌ವರ್ಡ್ ಊಹಿಸುವುದು ಕಷ್ಟವಲ್ಲ. ಕೆಎ-09 ಇಲ್ಲವೇ ಕೆಎ-55, ಮುಂದೆ ಬೈಕ್ ನಂಬರ್. ಮಂಡ್ಯದವರಾದರೆ ಕೆಎ-11. ಇಲ್ಲದಿದ್ದರೆ ಚಾಮುಂಡಿ, ಒಂದು 'ಅಟ್' ಗುರುತು, 123. ಬೈಕ್ ಮನೆ ಮುಂದೆಯೇ ನಿಂತಿರುತ್ತದೆ, ನಂಬರ್ ಬೀದಿಗೆಲ್ಲ ಕಾಣುತ್ತದೆ.

ಉದ್ದದ ಪಾಸ್‌ವರ್ಡ್ ಒಳ್ಳೆಯದು. ನಾಲ್ಕೈದು ಪದ ಸೇರಿಸಿ ನಿಮಗೆ ಮಾತ್ರ ಹೊಳೆಯುವ ಒಂದು ಸಾಲು ಮಾಡಿಕೊಳ್ಳಿ. 'ಹಿತ್ತಲಲ್ಲಿ ಏಳು ಬಾಳೆ ಗಿಡ' ಅಂತ ಇಟ್ಟುಕೊಳ್ಳೋಣ. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಬೇಕು ತಾನೇ? ನಮ್ಮವರು ಎಡವುವುದು ಅಲ್ಲೇ. ಹಿತ್ತಲಿಗೆ ಒಂದು ಟಿ ಹಾಕಿದ್ದಾ ಎರಡಾ? ಬಾಳೆಗೆ ಒಂದು ಎ-ನಾ ಎರಡು ಎ-ನಾ? ಏಳು 'ಇ'ಯಿಂದ ಶುರುವಾ, ಮುಂದೆ ವೈ ಸೇರಿಸಿದ್ದಾ? ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಇಲ್ಲ. ಮೂರು ವಾರ ಬಿಟ್ಟು ಬಂದರೆ ನಿಮ್ಮದೇ ಸಾಲು ನಿಮಗೇ ತೆರೆಯಲ್ಲ.

ಅದಕ್ಕೆ ನನ್ನ ಪದ್ಧತಿ ಸರಳ. ದೀರ್ಘವೂ ಒತ್ತಕ್ಷರವೂ ಇಲ್ಲದ ಪದಗಳನ್ನೇ ಆರಿಸುವುದು. ಮರ, ಹುಲಿ, ಕಡಲೆ, ಗಿಡ, ನವಿಲು, ಇಂಥವು. ಇವನ್ನು ಯಾರು ಬರೆದರೂ ಹೆಚ್ಚು ಕಡಿಮೆ ಒಂದೇ ಥರ. ಒಂದಕ್ಕೊಂದು ಸಂಬಂಧ ಇಲ್ಲದ ಪದ ಆಗಬೇಕು, ನಡುವೆ ಗೆರೆ, ಕೊನೆಗೆ ಒಂದು ಸಂಖ್ಯೆ. ಇಲ್ಲಿರುವ ಉದಾಹರಣೆಯನ್ನೇ ಎತ್ತಿ ಹಾಕಿಕೊಳ್ಳಬೇಡಿ ಮತ್ತೆ.

ಬರೆದಿಡುವುದು ತಪ್ಪಾ? ತಪ್ಪಲ್ಲ. ಮನೆಯ ಬೀರುವಿನಲ್ಲಿ, ರೇಷನ್ ಕಾರ್ಡ್ ಇಡುವ ಫೈಲಿನಲ್ಲಿ ಒಂದು ಚಿಕ್ಕ ಪುಸ್ತಕ ಇರಲಿ. ಖಾತೆ ಯಾವುದು, ಇ-ಮೇಲ್ ಯಾವುದು, ಯಾವ ನಂಬರಿಗೆ ಓಟಿಪಿ ಬರುತ್ತದೆ, ಪಾಸ್‌ವರ್ಡ್ ಏನು, ಯಾವತ್ತು ಬದಲಾಯಿಸಿದ್ದು. ಪೆನ್ನಿನಲ್ಲಿ, ಅಕ್ಷರ ಬಿಡಿಬಿಡಿಯಾಗಿ. ಸೊನ್ನೆಗೆ ಅಡ್ಡಗೆರೆ ಹೊಡೆಯಿರಿ, ಇಲ್ಲದಿದ್ದರೆ ಅದು 'ಓ' ಆಗುತ್ತದೆ. ಬ್ಯಾಂಕಿನ ಪಿನ್ ಮಾತ್ರ ಆ ಪುಸ್ತಕಕ್ಕೆ ಬೇಡ. ಚೀಟಿ ಬರೆದು ಲ್ಯಾಪ್‌ಟಾಪಿನ ಹೊಟ್ಟೆಗೆ ಅಂಟಿಸುವವರೂ ಇದ್ದಾರೆ. ಅವರಿಗೆ ಏನು ಹೇಳುವುದು!

ಪಿನ್ ವಿಷಯ

ಸೆಟಪ್ ಕೊನೆಗೆ ಪಿನ್ ಕೇಳುತ್ತದೆ. ಇದು ಆ ಒಂದು ಲ್ಯಾಪ್‌ಟಾಪಿಗೆ ಮಾತ್ರ. ಬೇರೆ ಕಂಪ್ಯೂಟರಿನಲ್ಲಾಗಲಿ, ಫೋನಿನಲ್ಲಾಗಲಿ ಇದು ನಡೆಯುವುದಿಲ್ಲ. ಆರಂಕಿ ಅಂದ ಕೂಡಲೇ 570001 ಅಥವಾ 571401 ಹಾಕಬೇಡಿ. ಅಂಚೆಯ ಪಿನ್ ಕೋಡ್ ಬೇರೆ, ಇದು ಬೇರೆ!

ತುಂಬ ಸಲ ತಪ್ಪಾಗಿ ಒತ್ತಿದರೆ ವಿಂಡೋಸ್ ಒಂದು ವಿಚಿತ್ರ ಮಾತು ಕೇಳುತ್ತದೆ. ಮುಂದುವರಿಯಲು 'ಎ1ಬಿ2ಸಿ3' ಟೈಪ್ ಮಾಡಿ ಅಂತ. ವೈರಸ್ ಬಂತು ಅಂತ ಹೆದರಿ ಎಷ್ಟೋ ಜನ ಫೋನ್ ಮಾಡಿದ್ದಾರೆ. ಏನೂ ಇಲ್ಲ, ಒತ್ತುತ್ತಿರುವುದು ಮನುಷ್ಯರೇನಾ, ಮಗು ಕೀಬೋರ್ಡ್ ಬಡಿಯುತ್ತಿದೆಯಾ ಅಂತ ಪರೀಕ್ಷೆ. ಅದನ್ನು ಟೈಪ್ ಮಾಡಿ ಮುಂದೆ ಹೋಗಿ. ಬಲಗಡೆ ಅಂಕಿಗಳ ಕೀಗಳಿದ್ದರೆ ನಮ್ ಲಾಕ್ ಆನ್ ಇದೆಯಾ ನೋಡಿ.

ಮರೆತೇ ಹೋದರೆ ಪರದೆಯಲ್ಲೇ 'ಪಿನ್ ಮರೆತೆ' ಅನ್ನುವ ದಾರಿ ಇದೆ. ಅದಕ್ಕೆ ಇಂಟರ್ನೆಟ್ ಬೇಕು, ಮೈಕ್ರೋಸಾಫ್ಟ್ ಖಾತೆಯೂ ಕೈಯಲ್ಲಿರಬೇಕು. ದಿನಾ ಪಿನ್ ಒತ್ತಿ ಒತ್ತಿ ಪಾಸ್‌ವರ್ಡ್ ಮರೆತು ಹೋಗಿರುತ್ತದೆ, ತಮಾಷೆ ಅದೇ. ಸೆಟಪ್ ಆದ ಮೂರನೇ ದಿನ ಫೋನಿನ ಬ್ರೌಸರಿನಲ್ಲಿ ಮೈಕ್ರೋಸಾಫ್ಟ್ ಸೈಟಿಗೆ ಹೋಗಿ, ಪುಸ್ತಕ ನೋಡದೆ ಒಮ್ಮೆ ಲಾಗಿನ್ ಆಗಿ. ಆಗಲಿಲ್ಲವಾ, ಈಗಲೇ ಸರಿ ಮಾಡಿಕೊಳ್ಳಲು ಸಮಯ ಇದೆ.

ಆ 48 ಅಂಕಿ

ತಂಗಿಯ ನೀಲಿ ಪರದೆಗೆ ಬರೋಣ. 2024ರ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೋಮ್ ಲ್ಯಾಪ್‌ಟಾಪ್‌ಗಳಲ್ಲೂ ಡಿಸ್ಕಿನ ಗೂಢಲಿಪೀಕರಣ ತಾನೇ ಶುರುವಾಗುವುದು ಜಾಸ್ತಿಯಾಗಿದೆ. ಸುಲಭವಾಗಿ ಹೇಳಬೇಕೆಂದರೆ ಕಳ್ಳ ಡಿಸ್ಕ್ ಬಿಚ್ಚಿಕೊಂಡು ಹೋದರೂ ಒಳಗಿನದು ಓದಲಾಗದ ಹಾಗೆ ಬೀಗ. ಒಳ್ಳೆಯದೇ. ಅದರ ಕೀಲಿ 48 ಅಂಕಿಯದು. ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಗೆ ಅದು ಸದ್ದಿಲ್ಲದೆ ಹೋಗಿ ಕೂರುತ್ತದೆ. ನಿಮ್ಮನ್ನು ಕೇಳುವುದಿಲ್ಲ.

ಮಾಮೂಲಿ ದಿನಗಳಲ್ಲಿ ಆ ಕೀಲಿ ಬೇಕಾಗಲ್ಲ. ಬಯೋಸ್ ಅಪ್‌ಡೇಟ್ ಆದಾಗ, ಸರ್ವಿಸಿನಲ್ಲಿ ಮದರ್‌ಬೋರ್ಡ್ ಬದಲಾಯಿಸಿದಾಗ ಕೇಳಬಹುದು. ಆ ಹೊತ್ತಿಗೆ ಕೀಲಿ ಇಲ್ಲದಿದ್ದರೆ ಮೈಕ್ರೋಸಾಫ್ಟಿನವರೂ ಕೊಡಲಾರರು. ಎಲ್ಲ ಅಳಿಸುವುದೊಂದೇ ದಾರಿ.

ಹಾಗಾಗಿ ಸೆಟಪ್ ಆದ ದಿನವೇ ಫೋನಿನಲ್ಲಿ ಅಕೌಂಟ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್‌ಗೆ ಹೋಗಿ. ಡಿವೈಸಸ್ ಅಡಿಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಾಣುತ್ತದೆ, ಅದರಲ್ಲಿ ಬಿಟ್‌ಲಾಕರ್ ರಿಕವರಿ ಕೀ, ಅದೇ ಆ 48 ಅಂಕಿಯ ಕೀಲಿ. ಎಂಟು ಗುಂಪು, ಗುಂಪಿಗೆ ಆರಂಕಿ. ಪುಸ್ತಕಕ್ಕೆ ಬರೆದುಕೊಳ್ಳಿ, ಇನ್ನೊಬ್ಬರು ಓದಿ ಹೇಳಲಿ, ನೀವು ಹೋಲಿಸಿ. ಜೊತೆಗೆ ಕೀ ಐಡಿಯ ಮೊದಲ ಎಂಟು ಅಕ್ಷರವನ್ನೂ ಬರೆಯಿರಿ. ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇದ್ದರೆ ಯಾವ ಕೀಲಿ ಯಾವುದಕ್ಕೆ ಅಂತ ಅದರಿಂದಲೇ ಗೊತ್ತಾಗುವುದು.

ಈಗ ಆ ಗುಟ್ಟು. ಅಂಗಡಿಯವರ ಖಾತೆ ತೆಗೆದು ನಿಮ್ಮದು ಹಾಕಿಕೊಂಡರೂ ಕೀಲಿ ಅವರ ಖಾತೆಯಲ್ಲೇ ಉಳಿದಿರಬಹುದು. ಅದಕ್ಕೆ ಹೀಗೆ ಮಾಡಿ. ಮೊದಲು ನಿಮ್ಮ ಫೈಲ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅಡ್ಮಿನಿಸ್ಟ್ರೇಟರ್ ಅಧಿಕಾರ ಇರುವ ನಿಮ್ಮ ಖಾತೆಯಲ್ಲಿ ಲಾಗಿನ್ ಆಗಿ. ಚಾರ್ಜರ್ ಹಾಕಿ. ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಮೇಲೆ ಹೇಳಿದ ಗೂಢಲಿಪೀಕರಣ) ಆಫ್ ಮಾಡಿ. ಅದು ಮುಗಿಯಲು ಹೊತ್ತು ಹಿಡಿಯುತ್ತದೆ, ಕಾಫಿ ಕುಡಿದು ಬನ್ನಿ. ಪೂರ್ತಿ ಆದ ಮೇಲೆ ಮತ್ತೆ ಆನ್ ಮಾಡಿ. ಹೊಸ ಕೀಲಿ ನಿಮ್ಮ ಖಾತೆಗೆ ಬಂತಾ ಅಂತ ಫೋನಿನಲ್ಲಿ ನೋಡಿ, ಕಣ್ಣಾರೆ ಕಂಡ ಮೇಲೆ ಬರೆದುಕೊಳ್ಳಿ. ಲ್ಯಾಪ್‌ಟಾಪ್ ತೀರ ಹೊಸದು, ಒಳಗೆ ಏನೂ ಇಲ್ಲ ಅಂದರೆ ರೀಸೆಟ್ ಮಾಡಿ ಮೊದಲಿಂದ ಸೆಟಪ್ ಮಾಡುವುದೇ ಸಲೀಸು.

ಲ್ಯಾಪ್‌ಟಾಪ್ ಜೊತೆ ಬರುವ ಆಫೀಸ್ ಕೂಡ ಹೀಗೇ. ಮೊದಲು ಯಾವ ಖಾತೆಯಲ್ಲಿ ಪಡೆದುಕೊಳ್ಳುತ್ತೀರೋ ಅದಕ್ಕೇ ಅಂಟಿಕೊಳ್ಳುತ್ತದೆ. ಹಾಗಾಗಿ ವರ್ಡ್ ತೆರೆಯುವ ಮೊದಲೂ ಖಾತೆ ಯಾವುದು ಅಂತ ನೋಡಿ. ಒನ್‌ಡ್ರೈವ್, ಅಂದರೆ ಫೈಲ್ ಇಡಲು ಮೈಕ್ರೋಸಾಫ್ಟ್ ಕೊಡುವ ಆನ್‌ಲೈನ್ ಜಾಗ, ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಮದುವೆ ಫೋಟೊ ಎಲ್ಲ ಅದಕ್ಕೆ ಹೋಗಲು ಬಿಟ್ಟರೆ ವಾರದಲ್ಲಿ ತುಂಬಿ, ದುಡ್ಡು ಕಟ್ಟಿ ಅಂತ ಕಾಡುತ್ತದೆ.

ಕಾಲೇಜಿನ ಐಡಿ ಹಾಕುವಾಗ

ಆನ್‌ಲೈನ್ ತರಗತಿಗೆ ಬಳಸುವ ಟೀಮ್ಸ್ ಆ್ಯಪ್‌ಗೆ ಕಾಲೇಜು ಐಡಿ ಹಾಕಲೇಬೇಕಾಗುತ್ತದೆ. ಹಾಕಿದ ಕೂಡಲೇ 'ನಿಮ್ಮ ಸಂಸ್ಥೆ ಈ ಸಾಧನವನ್ನು ನಿರ್ವಹಿಸಲಿ' ಅನ್ನುವ ಅರ್ಥದ ಒಂದು ಟಿಕ್ ಬರುತ್ತದೆ. ಟಿಕ್ ತೆಗೆದು, 'ಈ ಆ್ಯಪ್‌ಗೆ ಮಾತ್ರ' ಅನ್ನುವುದನ್ನು ಒತ್ತಿ. ಸ್ವಂತ ಲ್ಯಾಪ್‌ಟಾಪಿನ ಯಜಮಾನಿಕೆ ಕಾಲೇಜಿಗೆ ಯಾಕೆ?

ಸೆಕೆಂಡ್‌ಹ್ಯಾಂಡ್ ಕೊಳ್ಳುವವರೂ ಇದನ್ನೇ ನೋಡಬೇಕು. ರೀಸೆಟ್ ಆದ ಮೇಲೆ ಯಾವುದೋ ಕಂಪನಿಯ ಹೆಸರು ಹೇಳಿ ಅವರ ಲಾಗಿನ್ ಕೇಳಿದರೆ ಅದು ಇನ್ನೂ ಆ ಕಂಪನಿಯ ಹಿಡಿತದಲ್ಲಿದೆ. ಮ್ಯಾಕ್‌ಬುಕ್ ಆದರೆ ಹಳೆಯ ಮಾಲೀಕರು ಎದುರಿಗೇ ತಮ್ಮ ಆಪಲ್ ಖಾತೆಯಿಂದ ಅದನ್ನು ತೆಗೆಯಬೇಕು. ಆಗುವವರೆಗೆ ದುಡ್ಡು ಕೊಡಬೇಡಿ.

ಸಿಕ್ಕಿಹಾಕಿಕೊಂಡರೆ

ಗೂಗಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಹುಡುಕಿ ಫೋನ್ ಮಾಡಬೇಡಿ. ಅಲ್ಲಿ ಕಾಣುವ ಎಷ್ಟೋ ನಂಬರ್ ವಂಚಕರದು. ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಈ ನಂಬರಿಗೆ ಕರೆ ಮಾಡಿ ಅಂದರೆ ಅದು ಸುಳ್ಳೇ. ಮೈಕ್ರೋಸಾಫ್ಟಿನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಓಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಖಾತೆಯ ಪಾಸ್‌ವರ್ಡ್ ಹೋಗಿ, ಹಳೆಯ ನಂಬರೂ ಇಲ್ಲದಿದ್ದರೆ ಮೈಕ್ರೋಸಾಫ್ಟಿನ ಖಾತೆ ಮರಳಿ ಪಡೆಯುವ ಅರ್ಜಿ ಇದೆ. ಹಳೆಯ ಪಾಸ್‌ವರ್ಡ್, ಕಳಿಸಿದ ಮೇಲ್‌ಗಳ ವಿಷಯ ಎಲ್ಲ ಕೇಳುತ್ತಾರೆ. ಎರಡು ಹಂತದ ಪರಿಶೀಲನೆ ಹಾಕಿಕೊಂಡವರಿಗೆ ಆ ಅರ್ಜಿ ನಡೆಯುವುದಿಲ್ಲ. ಅವರು 25 ಅಕ್ಷರದ ರಿಕವರಿ ಕೋಡನ್ನು ಮೊದಲೇ ತೆಗೆದಿಟ್ಟುಕೊಂಡಿರಬೇಕು. ಲಾಗಿನ್ ಆಗುತ್ತಿದೆ, ಆದರೆ ಹಳೆಯ ನಂಬರು, ಇ-ಮೇಲು ಯಾವುದೂ ಕೈಯಲ್ಲಿಲ್ಲ ಅಂದರೆ ಹೊಸದನ್ನು ಸೇರಿಸಿ 30 ದಿನ ಕಾಯಬೇಕು. ಪರೀಕ್ಷೆ ಹತ್ತಿರ ಇದೆ ಅಂದರೂ ಅವರು ಬಿಡುವುದಿಲ್ಲ.

ಹಳೆಯ ಲ್ಯಾಪ್‌ಟಾಪ್

ಒಂದು ತಿಂಗಳು ಹೊಸದು ಸರಿಯಾಗಿ ನಡೆದ ಮೇಲೆ ಹಳೆಯದನ್ನು ಬಿಡಿಸಿಕೊಳ್ಳಿ. ಬ್ರೌಸರಿನಿಂದ ಲಾಗ್‌ಔಟ್ ಆಗಿ. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ಆರಿಸಿ, ಎಲ್ಲವನ್ನೂ ಅಳಿಸಿ ಅನ್ನಿ. ಆಮೇಲೆ ಮೈಕ್ರೋಸಾಫ್ಟ್ ಸೈಟಿನ ಡಿವೈಸಸ್ ಪಟ್ಟಿಯಿಂದ ಅದರ ಹೆಸರು ತೆಗೆಯಿರಿ. ಗೂಗಲ್ ಖಾತೆಯಲ್ಲೂ ನಿಮ್ಮ ಸಾಧನಗಳ ಪಟ್ಟಿ ನೋಡಿ ತೆಗೆಯಿರಿ. ಈಗ ಅದನ್ನು ತಮ್ಮನಿಗೆ ಕೊಡಬಹುದು. ಅವನ ಮುಂದೆ ಕೂತು, ಅವನ ಇ-ಮೇಲನ್ನು ಅವನ ಕೈಯಲ್ಲೇ ಹಾಕಿಸಿ. ಬ್ಯಾಟರಿ ಅರ್ಧ ಗಂಟೆಯೂ ನಿಲ್ಲಲ್ಲ ಅಂತ ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.